ಕೊಚ್ಚಿಯಲ್ಲಿ ಓದಿದ್ದು, ಕಣ್ಣೂರಿನಲ್ಲಿ ನಡೆದದ್ದು

ಹೋದ ವರ್ಷ ನಮ್ಮ ಆಫೀಸಿನ ಒಂದು ವಿಭಾಗವನ್ನು ಬೆಂಗಳೂರಿನಿಂದ ಇನ್ನೊಂದು ಊರಿಗೆ ಸಾಗಿಸಿದರು. ಸಾಗಿದ್ದು ಕೆಲಸ, ಜನರಲ್ಲ. ಹತ್ತೊಂಬತ್ತು ಮಂದಿಯ ಹೆಸರಿದ್ದ ಪಟ್ಟಿ ಎಚ್‌ಆರ್ ವಿಭಾಗಕ್ಕೆ ಬಂತು. ಎಚ್‌ಆರ್ ಅಂದರೆ ನಾನು ಮತ್ತು ಇನ್ನಿಬ್ಬರು. ಒಬ್ಬೊಬ್ಬರನ್ನೇ ಕರೆದು ಕೂರಿಸಿ ಹೇಳುವ ಕೆಲಸ ನಮ್ಮದು. ಮಾತಾಡುವಾಗ ಯಾವ ಪದ ಬಳಸಬೇಕು, ಯಾವುದು ಕೂಡದು ಎಂದು ಎರಡು ಪುಟಗಳ ಸೂಚನೆಯೂ ಜೊತೆಗಿತ್ತು. ಅದರಲ್ಲಿ ‘ಆರ್ಗನೈಸೇಶನಲ್ ಡೆವಲಪ್‌ಮೆಂಟ್’ ಎಂಬ ಮಾತು ಮೂರು ಸಲ ಬಂದಿತ್ತು. ಆ ಹೆಸರಿನ ಪತ್ರಿಕೆಯನ್ನು ನಾನು ಕೊಚ್ಚಿಯಲ್ಲಿ ಎರಡು ವರ್ಷ ಓದಿ, ಬರೆದು, ಪಾಸಾದವನು. ಅವತ್ತು ರಾತ್ರಿ ಹಳೆಯ ಟ್ರಂಕಿನಿಂದ ಕೊಚ್ಚಿಯ ನೋಟ್ಸ್ ತೆಗೆದು ಕೂತೆ. ಹುಡುಕುತ್ತಿದ್ದದ್ದು ಒಂದು, ಸಿಕ್ಕಿದ್ದು ಇನ್ನೊಂದು. ಅದರ ಬಗ್ಗೆ ಈ ಬರಹ.

ನನ್ನ ಊರು ವಿಟ್ಲದ ಹತ್ತಿರ. ಸ್ವಲ್ಪ ನಡೆದರೆ ಕಾಸರಗೋಡು ಜಿಲ್ಲೆ, ಅಂದರೆ ಕೇರಳ. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವಳು. ಯಾವ ಕಂಪನಿಗೆ ಎಂಬುದು ಇಲ್ಲಿ ಬೇಡ. ಆದರೆ ಮುಂದೆ ಹೆಸರು ಬರುವ ಕಂಪನಿಗಳ್ಯಾವುದೂ ಅದಲ್ಲ. ಶನಿವಾರ ಸಾಯಂಕಾಲ ಬೀಡಿ ಬ್ರಾಂಚಿಗೆ ಗೆರಸೆಯಷ್ಟು ಅಗಲದ ಕಟ್ಟು ಹೊತ್ತು ಹೋಗುತ್ತಿದ್ದದ್ದು ನಾನೇ. ಬ್ರಾಂಚಿನವರು ಕಟ್ಟು ಬಿಚ್ಚಿ, ಸರಿಯಿಲ್ಲ ಎಂದು ಕಂಡ ಬೀಡಿಗಳನ್ನು ಪಕ್ಕಕ್ಕೆ ಹಾಕಿ, ಉಳಿದದ್ದನ್ನು ಪುಸ್ತಕಕ್ಕೆ ಏರಿಸುತ್ತಿದ್ದರು. ಪಕ್ಕಕ್ಕೆ ಹಾಕಿದ್ದನ್ನು ಅವರೇ ಇಟ್ಟುಕೊಳ್ಳುತ್ತಿದ್ದರು. ಅದಕ್ಕೆ ಕೂಲಿ ಇಲ್ಲ. ಕಡಿಮೆ ಬಿದ್ದ ಎಲೆಗೆ ಅಮ್ಮ ಸಂತೆಯಲ್ಲಿ ದುಡ್ಡು ಕೊಟ್ಟು ಎಲೆ ತರಿಸಿದ್ದೂ ಉಂಟು. ಆದರೆ ಅದೇ ಪುಸ್ತಕ, ಅದೇ ಗುರುತಿನ ಚೀಟಿ ತೋರಿಸಿ ನನಗೆ ಹೈಸ್ಕೂಲಿನಿಂದ ವಿದ್ಯಾರ್ಥಿವೇತನ ಸಿಕ್ಕಿತು. 1976ರಲ್ಲಿ ಕೇಂದ್ರ ಸರ್ಕಾರ ಬೀಡಿಯ ಮೇಲೆ ಸೆಸ್ ಹಾಕಿ, ಅದರಿಂದ ಬಂದ ಹಣಕ್ಕೆ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಎಂದು ಕಾನೂನು ಮಾಡಿತ್ತು. ಆಸ್ಪತ್ರೆ, ಮನೆ ಸಾಲ, ಮಕ್ಕಳ ಓದು ಎಲ್ಲ ಅದರಲ್ಲೇ. ನನ್ನ ಕಾಲೇಜು ಫೀಸಿನ ಒಂದು ಪಾಲನ್ನು ಎಲ್ಲೆಲ್ಲೋ ಬೀಡಿ ಸೇದಿದವರು ಕಟ್ಟಿದ್ದಾರೆ.

ಸಮಾಜಕಾರ್ಯ ಓದಲು ಮಂಗಳೂರಿನಲ್ಲೇ ಒಳ್ಳೆಯ ಸಂಸ್ಥೆ ಇದೆ. 1960ರಿಂದ ನಡೆಯುತ್ತಿರುವ ರೋಶನಿ ನಿಲಯ. ನನಗೆ ಕೊಚ್ಚಿಯಲ್ಲಿ ಸೀಟು ಸಿಕ್ಕಿತು. ಮಾವ ಎರ್ನಾಕುಳಂ ನಾರ್ತ್ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಕ್ಯಾಷಿಯರ್ ಆಗಿದ್ದರಿಂದ ಉಳಿಯಲು ಜಾಗವೂ ಇತ್ತು. 2004ರ ಜೂನ್. ಮಂಗಳೂರಿನಿಂದ ಸಾಯಂಕಾಲ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವಕ್ಕೆ ಆಲುವ. ಕತ್ತಲಾದ ಮೇಲೆ ಕಣ್ಣೂರು ದಾಟುತ್ತದೆ. ಎರಡು ವರ್ಷದಲ್ಲಿ ಹೋಗಿಬರುವಾಗ ಎಷ್ಟೋ ಸಲ ಆ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಚಹಾ ಕುಡಿದಿದ್ದೇನೆ. ಅಲ್ಲೇನು ನಡೆದಿತ್ತು ಎಂಬುದು ಮಾತ್ರ ಗೊತ್ತಿರಲಿಲ್ಲ.

“ಎಂತ ಓದುದು ಮಗಾ ನೀನು?” ಎಂದು ಅಮ್ಮ ಮೊದಲ ರಜೆಯಲ್ಲಿ ಕೇಳಿದಳು. ಸಮಾಜಕಾರ್ಯ ಎಂದೆ. “ಅದನ್ನು ಓದ್ಲಿಕ್ಕೆ ಉಂಟಾ?” ಎಂದಳು.

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಸಮಾಜಸೇವೆ ಮಾಡುವವರು ನಮ್ಮಲ್ಲಿ ಯಾವಾಗಲೂ ಇದ್ದರು. ಅದಕ್ಕೆ ಡಿಗ್ರಿ ಬೇಕು ಎಂದಾದದ್ದು ಹೇಗೆ? 1936ರಲ್ಲಿ ಮುಂಬೈಯಲ್ಲಿ ಟಾಟಾ ಟ್ರಸ್ಟಿನ ಹಣದಿಂದ ಸಮಾಜಕಾರ್ಯದ ಸ್ನಾತಕೋತ್ತರ ಶಾಲೆ ತೆರೆಯಿತು. ಇವತ್ತಿನ ಟಿಸ್ ಅದೇ. ಅದರ ಮೊದಲ ನಿರ್ದೇಶಕ ಕ್ಲಿಫರ್ಡ್ ಮ್ಯಾನ್‌ಶಾರ್ಡ್ ಎಂಬ ಅಮೆರಿಕನ್. ಮುಂಬೈನ ನಾಗಪಾಡದ ಬಡವರ ಮಧ್ಯೆ ಕೆಲಸ ಮಾಡಿಕೊಂಡಿದ್ದವರು. ಆದರೆ ಈ ಓದಿಗೆ ನಿಜವಾದ ಸಂಬಳ ಹುಟ್ಟಿದ್ದು 1948ರ ಕಾರ್ಖಾನೆ ಕಾಯಿದೆಯಿಂದ. ಅದರ 49ನೇ ಸೆಕ್ಷನ್ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ವೆಲ್ಫೇರ್ ಆಫೀಸರ್ ಇರಲೇಬೇಕಿತ್ತು. ಕ್ಯಾಂಟೀನು, ಶಿಶುವಿಹಾರ, ಕಾರ್ಮಿಕರ ಅಹವಾಲು ಇವನ್ನೆಲ್ಲ ನೋಡಿಕೊಳ್ಳುವವರು. ಆ ಹುದ್ದೆಗೆ ಓದಿದವರು ಬೇಕು. ಯಾವ ಓದು? ಸಮಾಜಕಾರ್ಯದ್ದು, ಸಮಾಜವಿಜ್ಞಾನದ್ದು. ಹೀಗೆ ಕೊಳೆಗೇರಿಗೆ ಹೋಗಬೇಕೆಂದು ಶುರುವಾದ ಓದು ಕಾರ್ಖಾನೆಯ ಗೇಟಿನೊಳಗೆ ಹೋಯಿತು. ಒಳಗೆ ಹೋದ ಮೇಲೆ ಹೆಸರು ಬದಲಾಗುತ್ತ ಬಂತು. ಲೇಬರ್ ವೆಲ್ಫೇರ್, ಪರ್ಸೊನೆಲ್ ಮ್ಯಾನೇಜ್‌ಮೆಂಟ್, ಎಚ್‌ಆರ್. ಈಗ ನನ್ನ ಕಾರ್ಡಿನಲ್ಲಿರುವುದು ‘ಪೀಪಲ್ ಪಾರ್ಟ್‌ನರ್’. ಅಮ್ಮನಿಗೆ ಅದನ್ನು ಅನುವಾದಿಸಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಕಳಮಶ್ಶೇರಿಯಲ್ಲಿ ಬಸ್ಸಿಳಿದರೆ ಈ ಚರಿತ್ರೆಯನ್ನು ಕಣ್ಣಾರೆ ನೋಡಬಹುದು. ಒಂದು ಕಡೆ ಏಲೂರಿನ ಫ್ಯಾಕ್ಟ್, 1943ರಲ್ಲಿ ಸ್ಥಾಪನೆಯಾದ ರಸಗೊಬ್ಬರ ಕಾರ್ಖಾನೆ. ಇನ್ನೊಂದು ಕಡೆ ನಮ್ಮ ಜಾಲಹಳ್ಳಿಯ ಎಚ್‌ಎಂಟಿ ಅರುವತ್ತರ ದಶಕದಲ್ಲಿ ಇಲ್ಲಿ ತೆರೆದ ಘಟಕ. ಬಸ್ ಸ್ಟಾಪಿನ ಹೆಸರೇ ಎಚ್‌ಎಂಟಿ ಜಂಕ್ಷನ್. ಇವೆರಡರ ನಡುವೆ ಕಾಲೇಜುಗಳು. 1955ರಲ್ಲಿ ಆರಂಭವಾದ ರಾಜಗಿರಿ ಸಮಾಜಕಾರ್ಯಕ್ಕೆ ಹೆಸರಾದದ್ದು. ಕೊಚ್ಚಿ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಮ್ಯಾನೇಜ್‌ಮೆಂಟ್ ಸ್ಟಡೀಸ್ ಶುರುವಾದದ್ದು 1964ರಲ್ಲಿ, ಅಂದರೆ ವಿಶ್ವವಿದ್ಯಾಲಯಕ್ಕಿಂತ ಏಳು ವರ್ಷ ಮೊದಲೇ. ಅಹಮದಾಬಾದ್, ಕಲ್ಕತ್ತಾಗಳಲ್ಲಿ ಐಐಎಂ ಬಂದು ಮೂರೇ ವರ್ಷ ಆಗಿತ್ತು, ಬೆಂಗಳೂರಿಗೆ ಐಐಎಂ ಬರಲು ಇನ್ನೂ ಒಂಬತ್ತು ವರ್ಷ ಇತ್ತು. ತಿರುವನಂತಪುರದಲ್ಲಿ ಶ್ರೀಕಾರ್ಯಂ ಎಂಬಲ್ಲಿ ಜೆಸ್ಯುಯಿಟರು 1963ರಲ್ಲಿ ಲೊಯೋಲಾ ಸಮಾಜವಿಜ್ಞಾನ ಕಾಲೇಜು ತೆರೆದರು. ಅಲ್ಲೂ ಸಮಾಜಕಾರ್ಯ ಮತ್ತು ಪರ್ಸೊನೆಲ್ ಮ್ಯಾನೇಜ್‌ಮೆಂಟ್ ಒಂದೇ ಸೂರಿನಡಿ ಬೆಳೆದವು. ಇವುಗಳಲ್ಲಿ ನಾನು ಓದಿದ್ದು ಎಲ್ಲಿ ಎಂದು ಹೇಳುವುದಿಲ್ಲ, ಸ್ವಲ್ಪ ದೂರು ಹೇಳುವುದಿದೆ.

ದೂರು ಇಷ್ಟೇ. ಸಂಸ್ಥೆಗಳು ಹೇಗೆ ಬದಲಾಗುತ್ತವೆ ಎಂಬ ಓ.ಡಿ. ಪತ್ರಿಕೆಯಲ್ಲಿ ನಮಗೆ ಬಂದ ಉದಾಹರಣೆಗಳೆಲ್ಲ ಅಮೆರಿಕದ ಕಾರ್ಖಾನೆಗಳವು. ಪಾಠ ಮಾಡಿದವರು ಒಳ್ಳೆಯ ಮೇಷ್ಟ್ರು. ಕುರ್ಟ್ ಲೆವಿನ್ನನ ಕಥೆಯನ್ನು ಅವರು ಹೇಳಿದ ರೀತಿ ಇವತ್ತಿಗೂ ನೆನಪಿದೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ಮನಶ್ಶಾಸ್ತ್ರಜ್ಞ ಲೆವಿನ್. 1946ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಜನಾಂಗದ್ವೇಷ ಕಡಿಮೆ ಮಾಡಲು ಸಮುದಾಯದ ಕಾರ್ಯಕರ್ತರಿಗೆ ಶಿಬಿರ ನಡೆಸುತ್ತಾನೆ. ಹಗಲು ಗುಂಪುಚರ್ಚೆ. ರಾತ್ರಿ ಸಂಶೋಧಕರು ಕೂತು, ಇವತ್ತು ಯಾರು ಹೇಗೆ ನಡೆದುಕೊಂಡರು ಎಂದು ಮಾತಾಡಿಕೊಳ್ಳುತ್ತಾರೆ. ಶಿಬಿರಕ್ಕೆ ಬಂದ ಕೆಲವರು ತಾವೂ ಕೇಳಬಹುದೇ ಎಂದು ಒಳಗೆ ಬರುತ್ತಾರೆ. ತಮ್ಮ ವಿಷಯ ಬಂದಾಗ “ನಾನು ಹಾಗೆ ಮಾಡಲೇ ಇಲ್ಲ” ಎಂದು ವಾದಕ್ಕಿಳಿಯುತ್ತಾರೆ. ಹಗಲಿನ ಚರ್ಚೆಗಿಂತ ಈ ರಾತ್ರಿಯ ಮಾತಿನಿಂದಲೇ ಹೆಚ್ಚು ಕಲಿಯುತ್ತಿದ್ದಾರೆ ಎಂದು ಲೆವಿನ್ನನಿಗೆ ಹೊಳೆಯುತ್ತದೆ. ಮರುವರ್ಷ ಅವನು ತೀರಿಕೊಂಡ. ಅದೇ ಬೇಸಿಗೆಯಲ್ಲಿ ಮೇಯ್ನ್ ರಾಜ್ಯದ ಬೆಥೆಲ್ ಎಂಬ ಊರಿನಲ್ಲಿ ಅವನ ಜೊತೆಗಾರರು ಇದನ್ನೇ ತರಬೇತಿಯ ಕ್ರಮವಾಗಿ ಬೆಳೆಸಿದರು. ದೊಡ್ಡ ಕಂಪನಿಗಳು ಅದನ್ನು ಎತ್ತಿಕೊಂಡವು. ಭಾರತಕ್ಕೆ ಬಂದದ್ದು ಉದಯ್ ಪಾರೀಕ್‌ರಂಥವರ ಮೂಲಕ. ಪಾರೀಕ್ ಮತ್ತು ಟಿ.ವಿ. ರಾವ್ ಎಪ್ಪತ್ತರ ದಶಕದ ನಡುವಿನಲ್ಲಿ ಎಲ್ ಅಂಡ್ ಟಿ ಕಂಪನಿಗೆ ಮಾನವ ಸಂಪನ್ಮೂಲ ವ್ಯವಸ್ಥೆಯನ್ನು ರೂಪಿಸಿಕೊಟ್ಟರು.

ಈ ಕಥೆಯ ಬುಡದಲ್ಲಿ ಕಾರ್ಖಾನೆ ಇಲ್ಲ, ಬೀದಿಯ ದ್ವೇಷ ಇದೆ ಎಂಬುದನ್ನು ಗಮನಿಸಿ. ಸಮಾಜಕಾರ್ಯದ ಹಾಗೆಯೇ ಇದೂ ಹೊರಗಿನಿಂದ ಗೇಟಿನೊಳಗೆ ಹೋದದ್ದು.

ಮೂರನೆಯದು ಅಂತಾರಾಷ್ಟ್ರೀಯ ವ್ಯಾಪಾರ. ಅದು ನಮಗೆ ಐಚ್ಛಿಕ ಪತ್ರಿಕೆ. ಕೊಚ್ಚಿಯಲ್ಲಿ ಕೂತು ಅದನ್ನು ಪುಸ್ತಕದಿಂದ ಓದುವುದು ಉಡುಪಿಯಲ್ಲಿ ಕೂತು ದೋಸೆಯ ಚಿತ್ರ ನೋಡಿದ ಹಾಗೆ. 1867ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಆಸ್ಪಿನ್‌ವಾಲ್ ಮಂಗಳೂರಿನಲ್ಲಿ ಕಾಫಿ ಸಂಸ್ಕರಿಸುತ್ತಿತ್ತು. ಮಟ್ಟಂಚೇರಿಯಲ್ಲಿ ಕಾಳುಮೆಣಸಿನ ವಾಯಿದೆ ಪೇಟೆ ಇತ್ತು. ಸಂಬಾರ ಮಂಡಳಿ, ಮೀನು ರಫ್ತಿನ ಪ್ರಾಧಿಕಾರ, ತೆಂಗು ಅಭಿವೃದ್ಧಿ ಮಂಡಳಿ, ಮೂರರ ಕೇಂದ್ರ ಕಚೇರಿಯೂ ಕೊಚ್ಚಿಯಲ್ಲೇ. ಒಂದು ಭಾನುವಾರ ಮಾವನ ಜೊತೆ ಮಟ್ಟಂಚೇರಿಗೆ ಹೋಗಿದ್ದೆ. ಮುಚ್ಚಿದ ಗೋದಾಮುಗಳ ಬೀದಿಯಲ್ಲಿ ಶುಂಠಿ, ಮೆಣಸಿನ ವಾಸನೆ. ಮಾವ “ಇದರಲ್ಲಿ ನಮ್ಮ ಕಡೆಯ ಮೆಣಸೂ ಉಂಟು” ಎಂದರು. ಪತ್ರಿಕೆಯಲ್ಲಿ ನನಗೆ ಬಂದದ್ದು 54 ಅಂಕ.

ಎರಡನೇ ವರ್ಷಕ್ಕೆ ವಿಶೇಷ ವಿಷಯ ಆರಿಸಬೇಕು. ಸಮುದಾಯ ಅಭಿವೃದ್ಧಿಯೋ, ವೈದ್ಯಕೀಯ ಸಮಾಜಕಾರ್ಯವೋ, ಪರ್ಸೊನೆಲ್ಲೋ. ಕ್ಯಾಂಪಸ್ಸಿಗೆ ಕಂಪನಿಗಳು ಬರುವುದು ಮೂರನೆಯದಕ್ಕೆ. ನಾನು ಅದನ್ನೇ ತೆಗೆದುಕೊಂಡೆ. ಬೀಡಿ ಕಟ್ಟುವವಳ ಮಗ ಸಮುದಾಯಕ್ಕೆ ಹೋಗಲಿಲ್ಲ ಎಂದು ಒಬ್ಬ ಗೆಳೆಯ ಚುಚ್ಚಿದ. ಸಮುದಾಯದಿಂದಲೇ ಬಂದವನಿಗೆ ಅಲ್ಲಿಗೆ ವಾಪಸು ಹೋಗಲು ಎರಡು ವರ್ಷದ ಕೋರ್ಸು ಯಾಕೆ ಎಂದು ನಾನೂ ಜೋರಾಗಿಯೇ ಹೇಳಿದ್ದೆ. ಪ್ರಬಂಧದ ವಿಷಯ ಮಾತ್ರ ಬೀಡಿ ಕಾರ್ಮಿಕರ ಕಲ್ಯಾಣ ಸೌಲಭ್ಯ ಎಂದು ಇಟ್ಟುಕೊಂಡೆ. ಅದು ಪ್ರೀತಿಯೇನಲ್ಲ, ಸೋಮಾರಿತನ. ಮನೆಯಲ್ಲೇ ಮಾಹಿತಿ ಸಿಗುತ್ತದಲ್ಲ.

ಮೇಷ್ಟ್ರು ತಿರುವನಂತಪುರಕ್ಕೆ ಹೋಗು ಎಂದರು. ಅಲ್ಲಿ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಇದೆ, ಅದರ ಲೈಬ್ರರಿಯಲ್ಲಿ ಹತ್ತು ದಿನ ಕೂತು ಬಾ ಎಂದರು. 1970ರಲ್ಲಿ, ಅಚ್ಯುತ ಮೆನನ್ ಮುಖ್ಯಮಂತ್ರಿಯಾಗಿದ್ದಾಗ, ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಕಟ್ಟಿದ ಸಂಸ್ಥೆ ಅದು. ಕಟ್ಟಡ ಲಾರಿ ಬೇಕರ್ ಅವರದ್ದು. ಉಳ್ಳೂರಿನ ಗುಡ್ಡದ ಮೇಲೆ, ಮರ ಕಡಿಯದೆ, ಗಾರೆ ಬಳಿಯದ ಇಟ್ಟಿಗೆಯಲ್ಲಿ ಕಟ್ಟಿದ್ದು. ಗೋಡೆಯ ಇಟ್ಟಿಗೆಗಳ ಸಂದಿಯಿಂದ ಗಾಳಿ ಬರುತ್ತದೆ, ಬೆಳಕೂ ಬರುತ್ತದೆ. ಲೈಬ್ರರಿ ಒಂದು ಗೋಪುರ. ನಾನು ಅಲ್ಲಿಯವರೆಗೆ ನೋಡಿದ್ದ ಲೈಬ್ರರಿಗಳೆಲ್ಲ ಟ್ಯೂಬ್‌ಲೈಟಿನವು.

ಮೂರನೇ ದಿನ ಸಿಕ್ಕಿದ ಪುಸ್ತಕ 1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಪ್ರಕಟಿಸಿದ್ದು. ಬರೆದವರು ಮೂವರು. ಅದೇ ಸಂಸ್ಥೆಯಲ್ಲಿದ್ದ, ಆಮೇಲೆ ಕೇರಳದ ಹಣಕಾಸು ಮಂತ್ರಿಯಾದ ಥಾಮಸ್ ಐಸಾಕ್, ಅಮೆರಿಕದ ಮಾನವಶಾಸ್ತ್ರಜ್ಞ ರಿಚರ್ಡ್ ಫ್ರಾಂಕಿ ಮತ್ತು ಪ್ಯಾರಾಲಾಲ್ ರಾಘವನ್. ವಿಷಯ ಕೇರಳ ದಿನೇಶ್ ಬೀಡಿ. ಮೊದಲ ಅಧ್ಯಾಯಗಳಲ್ಲೇ ಮಂಗಳೂರು ಎಂಬ ಹೆಸರು ಕಂಡು ಕಣ್ಣು ನಿಂತಿತು.

ನಡೆದದ್ದು ಹೀಗೆ. ಕಣ್ಣೂರು ಸೀಮೆಯಲ್ಲಿ ಬೀಡಿ ದೊಡ್ಡ ಕಸುಬು. ಮಂಗಳೂರಿನ ಗಣೇಶ್ ಬೀಡಿಯಂಥ ಕಂಪನಿಗಳು ಅಲ್ಲಿ ಕಂಟ್ರಾಕ್ಟರುಗಳ ಮೂಲಕ ಸಾವಿರಾರು ಜನರಿಂದ ಬೀಡಿ ಕಟ್ಟಿಸುತ್ತಿದ್ದವು. ಅಲ್ಲಿಯವರು ಕಟ್ಟುತ್ತಿದ್ದದ್ದು ಹೆಚ್ಚಾಗಿ ಶೆಡ್ಡುಗಳಲ್ಲಿ, ಸಾಲಾಗಿ ಕೂತು. ಶೆಡ್ಡಿನಲ್ಲಿ ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ. ಅವನು ಓದಿದಷ್ಟು ಹೊತ್ತಿನ ಬೀಡಿಯನ್ನು ಉಳಿದವರು ಕಟ್ಟಿ ಅವನ ಲೆಕ್ಕಕ್ಕೆ ಹಾಕುತ್ತಿದ್ದರು. ಹೀಗಾಗಿ ಶಾಲೆ ಮುಖ ಕಾಣದವರಿಗೂ ದಿಲ್ಲಿಯ ಸುದ್ದಿ ಗೊತ್ತಿರುತ್ತಿತ್ತು. ಸಂಘವೂ ಬಲವಾಗಿತ್ತು.

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮಾಡಿತು. ಕೆಲಸದ ಹೊತ್ತಿಗೆ ಮಿತಿ, ಸಂಬಳ ಸಹಿತ ರಜೆ, ಹೆರಿಗೆ ಸೌಲಭ್ಯ, ಕೆಲಸದ ಜಾಗಕ್ಕೆ ಲೈಸೆನ್ಸ್. ಸರಿಯಿಲ್ಲ ಎಂದು ಬೀಡಿ ತಿರಸ್ಕರಿಸಿದರೆ ಆ ಜಗಳವನ್ನು ಒಯ್ಯಲು ಒಂದು ದಾರಿಯೂ ಅದರಲ್ಲಿತ್ತು. ಶನಿವಾರ ಸಂಜೆ ಪಕ್ಕಕ್ಕೆ ಹಾಕಿದ ಬೀಡಿಗಳನ್ನು ನೋಡುತ್ತ ನಿಲ್ಲುತ್ತಿದ್ದ ನನಗೆ, ನಾನು ಹುಟ್ಟುವ ಮೊದಲೇ ಅದಕ್ಕೊಂದು ಕಲಮು ಇತ್ತು ಎಂದು ಗೊತ್ತಾದದ್ದು ಆ ಗೋಪುರದಲ್ಲಿ. ಕಾಯಿದೆ ದೆಹಲಿಯದ್ದಾದರೂ ಜಾರಿ ಮಾಡುವುದು ರಾಜ್ಯಗಳ ಕೈಯಲ್ಲಿ. 1967ರಲ್ಲಿ ಕೇರಳದಲ್ಲಿ ಇ.ಎಂ.ಎಸ್. ಸರ್ಕಾರ ಎರಡನೇ ಸಲ ಬಂದಿತ್ತು. ಅದು ಉಳಿದ ರಾಜ್ಯಗಳಿಗಿಂತ ಮೊದಲೇ ಜಾರಿಗೆ ಹೊರಟಿತು. ಖರ್ಚು ಹೆಚ್ಚುತ್ತದೆ ಎಂದು 1968ರಲ್ಲಿ ಮಂಗಳೂರಿನ ಕಂಪನಿಗಳು ಕಣ್ಣೂರಿನ ಕೆಲಸ ನಿಲ್ಲಿಸಿದವು. ಸುಮಾರು 12,000 ಜನ ಬೀದಿಗೆ ಬಿದ್ದರು.

ಅವರು ಮುಷ್ಕರ, ಮೆರವಣಿಗೆ ಮಾಡಿದರು. ಆದರೆ ಹೋದ ಮಾಲೀಕನ ವಿರುದ್ಧ ಮುಷ್ಕರ ಮಾಡಿ ಏನು ಪ್ರಯೋಜನ? 1969ರ ಫೆಬ್ರವರಿಯಲ್ಲಿ ಸರ್ಕಾರದ ಸಾಲದ ನೆರವಿನಿಂದ ಸಹಕಾರ ಸಂಘ ಕಟ್ಟಿದರು. ಕಟ್ಟುವವರೇ ಶೇರುದಾರರು. ಊರೂರಿನಲ್ಲಿ ಪ್ರಾಥಮಿಕ ಸಂಘಗಳು, ಕಣ್ಣೂರಿನಲ್ಲಿ ಒಂದು ಕೇಂದ್ರ ಸಂಘ. ಎಲೆ, ಹೊಗೆಸೊಪ್ಪು ಕೊಂಡು ತರುವುದು, ಬೀಡಿ ಮಾರುವುದು ಕೇಂದ್ರದ ಕೆಲಸ. ಕಟ್ಟಿಸುವುದು ಪ್ರಾಥಮಿಕ ಸಂಘಗಳ ಕೆಲಸ. ಶೆಡ್ಡಿನಲ್ಲಿ ಓದುವ ಪದ್ಧತಿ ಮುಂದುವರಿಯಿತು. ಪ್ರಾವಿಡೆಂಟ್ ಫಂಡ್, ಬೋನಸ್, ರಜೆಯ ಸಂಬಳ, ಹೆರಿಗೆ ರಜೆ ಬಂದವು. ಕಾಯಿದೆಯಲ್ಲಿದ್ದದ್ದನ್ನು ಕೊಟ್ಟರೆ ವ್ಯಾಪಾರ ಮುಳುಗುತ್ತದೆ ಎಂದು ಮಾಲೀಕರು ಹೇಳಿದ್ದರಲ್ಲ, ಅದನ್ನು ಕೊಟ್ಟೂ ಸಂಘ ಬೆಳೆಯಿತು. ಒಂದು ಕಾಲಕ್ಕೆ ಕೆಲಸಗಾರರ ಸಂಖ್ಯೆ 40 ಸಾವಿರ ದಾಟಿತ್ತು.

ಇಷ್ಟು ಓದಿದಾಗ ಹೆಮ್ಮೆಯಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ನನ್ನ ತಲೆಯಲ್ಲಿ ಓಡಿದ್ದು ಬೇರೆ ಲೆಕ್ಕ. ಕಂಪನಿಗಳು ಕಣ್ಣೂರಿನಲ್ಲಿ ಕೆಲಸ ನಿಲ್ಲಿಸಿದವು, ಸರಿ. ಬೀಡಿ ಸೇದುವವರೇನೂ ಸೇದುವುದನ್ನು ನಿಲ್ಲಿಸಲಿಲ್ಲ. ಕಂಪನಿಗಳೂ ಮುಚ್ಚಲಿಲ್ಲ. ಹಾಗಾದರೆ ಅಲ್ಲಿ ಕಟ್ಟಬೇಕಿದ್ದ ಬೀಡಿಯನ್ನು ಎಲ್ಲಿ ಕಟ್ಟಿದರು? ಯಾರು ಕಟ್ಟಿದರು?

ಗಡಿಯ ಈಚೆ ದಕ್ಷಿಣ ಕನ್ನಡ. ಇಲ್ಲಿ ಶೆಡ್ಡಿಲ್ಲ, ಮನೆಯ ಜಗಲಿ. ಸಾಲಾಗಿ ಕೂತ ಗಂಡಸರಿಲ್ಲ, ಒಬ್ಬೊಬ್ಬರೇ ಕೂತ ಹೆಂಗಸರು. ಪತ್ರಿಕೆ ಓದುವವನಿಲ್ಲ, ರೇಡಿಯೋ ಇದ್ದರೆ ಪುಣ್ಯ. ಸಂಘಗಳು ಇಲ್ಲೂ ಇದ್ದವು, ಹೋರಾಡಿವೆ, ಪಡೆದೂ ಇವೆ. ಆದರೆ ಅಡಿಗೆ, ದನ, ಮಕ್ಕಳ ನಡುವೆ ಸಾವಿರ ಬೀಡಿ ಮುಗಿಸುವವಳನ್ನು ಸಂಘಕ್ಕೆ ಸೇರಿಸುವುದು ಸುಲಭವಲ್ಲ. ಈ ಏರ್ಪಾಡು ಕಂಪನಿಗೆ ಅಗ್ಗ. ಅಗ್ಗದ ಬೀಡಿ ಪೇಟೆಗೆ ಹೋಗಿ ಪೈಪೋಟಿ ಕೊಡುವುದು ಯಾರ ಜೊತೆ? ಕಾಯಿದೆಯ ಪ್ರಕಾರ ಕೂಲಿ ಕೊಡುವ ದಿನೇಶ್ ಬೀಡಿಯ ಜೊತೆ. ಅಂದರೆ ನಮ್ಮ ಜಗಲಿ ಮತ್ತು ಆ ಶೆಡ್ಡು ಎದುರುಬದುರು ನಿಂತಿದ್ದವು. ನಾನು ಶನಿವಾರ ಹೊತ್ತು ಹೋಗುತ್ತಿದ್ದ ಕಟ್ಟು ಕಣ್ಣೂರಿನ ಯಾರೋ ಒಬ್ಬರ ಕೂಲಿಯನ್ನು ಕೆಳಕ್ಕೆ ಜಗ್ಗುತ್ತಿತ್ತು. ಅದು ಅಮ್ಮನಿಗೂ ಗೊತ್ತಿರಲಿಲ್ಲ, ಕಣ್ಣೂರಿನವರಿಗೆ ಅಮ್ಮ ಯಾರೆಂದೂ ಗೊತ್ತಿರಲಿಲ್ಲ.

ಪುಸ್ತಕ ಮುಚ್ಚಿ ಹೊರಗೆ ಬಂದು ಸಿಟಿ ಬಸ್ಸು ಹತ್ತಿ ತಂಪಾನೂರಿಗೆ ಹೋದೆ. ಬಸ್ ನಿಲ್ದಾಣದ ಪಕ್ಕದಲ್ಲಿ ಇಂಡಿಯನ್ ಕಾಫಿ ಹೌಸ್. ಇದೂ ಬೇಕರ್ ಕಟ್ಟಿದ್ದೇ, ಸುರುಳಿಯಾಗಿ ಮೇಲೇರುವ ಇಟ್ಟಿಗೆಯ ಗೋಪುರ. ಇಳಿಜಾರಿನ ಉದ್ದಕ್ಕೂ ಗೋಡೆಗಂಟಿದ ಮೇಜು, ಬೆಂಚು. ಪೇಟ ಕಟ್ಟಿದ ಸಪ್ಲಾಯರು ಕಟ್‌ಲೆಟ್ ತಂದಿಟ್ಟರು. ಕಾಫಿ ಹೌಸಿನ ಕಥೆ ನನಗೆ ಗೊತ್ತಿತ್ತು, ಆದರೆ ಜೋಡಿಸಿ ನೋಡಿರಲಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕಾಫಿ ಬೋರ್ಡು ಐವತ್ತರ ದಶಕದ ನಡುವೆ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಕೆಲಸ ಕಳೆದುಕೊಳ್ಳಲಿದ್ದ ಸಪ್ಲಾಯರು, ಅಡುಗೆಯವರು ಎ.ಕೆ. ಗೋಪಾಲನ್ ಮುಂದಾಳತ್ವದಲ್ಲಿ ಸಹಕಾರ ಸಂಘ ಮಾಡಿಕೊಂಡರು. ಮೊದಲನೆಯದು 1957ರ ಆಗಸ್ಟಿನಲ್ಲಿ, ಬೆಂಗಳೂರಿನಲ್ಲೇ. ಮರುವರ್ಷ ತೃಶ್ಶೂರಿನಲ್ಲಿ ಕೇರಳದ ಮೊದಲ ಕಾಫಿ ಹೌಸ್. ಗೋಪಾಲನ್ ಕಣ್ಣೂರು ಕಡೆಯವರು. ಹನ್ನೊಂದು ವರ್ಷದ ನಂತರ ಬೀಡಿಯವರು ಸಹಕಾರ ಸಂಘ ಎಂದಾಗ ಅದು ಆಕಾಶದಿಂದ ಬಿದ್ದ ಯೋಚನೆಯಾಗಿರಲಿಲ್ಲ. ಕಣ್ಣೆದುರಿಗೆ ಕಾಫಿ ಮಾರುತ್ತಿದ್ದವರಿದ್ದರು.

ಅವತ್ತು ಅಲ್ಲಿ ಕೂತು ಅಂದುಕೊಂಡದ್ದನ್ನು ನೋಟ್ಸಿನಲ್ಲಿ ಬರೆದಿದ್ದೇನೆ. ಅಕ್ಷರ ಎಣ್ಣೆ ತಾಗಿ ಮಸುಕಾಗಿದೆ. ಮೂರು ಪತ್ರಿಕೆಗಳಾಗಿ ನಾನು ಓದಿದ್ದೆಲ್ಲ ಈ ಒಂದು ಬೀಡಿಯಲ್ಲಿದೆ ಎಂದು ಬರೆದಿದ್ದೆ. ಒಡೆದ ಸಂಸ್ಥೆಯನ್ನು ಜನರೇ ಮತ್ತೆ ಕಟ್ಟುವುದು ಓ.ಡಿ. ಪತ್ರಿಕೆ. ಹೆರಿಗೆ ರಜೆ, ವಿದ್ಯಾರ್ಥಿವೇತನ ಸಮಾಜಕಾರ್ಯದ್ದು. ಎಲ್ಲಿ ಕಾನೂನು ಸಡಿಲವೋ ಅಲ್ಲಿಗೆ ಕೆಲಸ ಹರಿದು ಹೋಗುವುದು ಅಂತಾರಾಷ್ಟ್ರೀಯ ವ್ಯಾಪಾರದ ಮೊದಲನೇ ಪಾಠ. ದೇಶ ದಾಟಬೇಕಿಲ್ಲ, ಮಂಜೇಶ್ವರ ದಾಟಿದರೂ ಸಾಕು. ಹುಡುಗಾಟಿಕೆಯ ಬರಹ. ಆದರೂ ಇವತ್ತಿಗೂ ಅದರಲ್ಲಿ ಅಳಿಸುವಂಥದ್ದು ನನಗೆ ಕಾಣುತ್ತಿಲ್ಲ.

ಕೊಚ್ಚಿಗೆ ವಾಪಸಾಗಿ ಮೇಷ್ಟ್ರಿಗೆ ಹೇಳಿದೆ. ಅವರಿಗೆ ದಿನೇಶ್ ಬೀಡಿ ಚೆನ್ನಾಗಿ ಗೊತ್ತಿತ್ತು. ಸಿಲೆಬಸ್ಸಿನಲ್ಲಿ ಇಲ್ಲ ಎಂದರು. ಆಮೇಲೆ ರವಿ ಮತ್ತಾಯಿ ಬಗ್ಗೆ ಓದು ಎಂದು ಒಂದು ಚೀಟಿ ಕೊಟ್ಟರು. ಮತ್ತಾಯಿ ಮಲೆಯಾಳಿ. ಅವರ ತಂದೆ ಜಾನ್ ಮತ್ತಾಯಿ, ನೆಹರೂ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದವರು, ಕೊನೆಗೆ ತಿರುವನಂತಪುರದಲ್ಲಿ ಕೇರಳ ವಿಶ್ವವಿದ್ಯಾಲಯದ ಕುಲಪತಿ. ಮಗ 1965ರಲ್ಲಿ ಐಐಎಂ ಅಹಮದಾಬಾದಿನ ಮೊದಲ ಪೂರ್ಣಾವಧಿ ನಿರ್ದೇಶಕ. ಏಳು ವರ್ಷ ಆದ ಮೇಲೆ ಸಾಕು ಎಂದು ಕುರ್ಚಿ ಬಿಟ್ಟು, ಅಲ್ಲೇ ಮೇಷ್ಟ್ರಾಗಿ ಉಳಿದರು. 1975ರಿಂದ ರಾಜಸ್ಥಾನದ ಜವಾಜಾ ಎಂಬ ಒಣ ಸೀಮೆಗೆ ಹೋಗಿ ಅಲ್ಲಿನ ನೇಕಾರರು, ಚರ್ಮದ ಕೆಲಸದವರ ಜೊತೆ ಕೂತು, ಅವರ ಸಂಘಗಳನ್ನು ಅವರೇ ನಡೆಸುವ ಹಾಗೆ ಮಾಡಲು ಪ್ರಯತ್ನಿಸಿದರು. ಉದಯ್ ಪಾರೀಕ್ ಕೂಡ ಅದರಲ್ಲಿದ್ದರು. ಮ್ಯಾನೇಜ್‌ಮೆಂಟ್ ಎಂಬ ವಿದ್ಯೆ ಗೇಟಿನಿಂದ ಹೊರಗೂ ಬರಬಹುದು ಎಂದು ಕುರ್ಚಿಯಲ್ಲಿದ್ದವರೇ ತೋರಿಸಿದ್ದರು. ಇದೂ ಸಿಲೆಬಸ್ಸಿನಲ್ಲಿ ಇರಲಿಲ್ಲ.

ದಿನೇಶ್ ಬೀಡಿಯನ್ನು ದೇವರ ಪಟ ಮಾಡಿ ಗೋಡೆಗೆ ತೂಗುಹಾಕುವುದು ನನ್ನ ಉದ್ದೇಶವಲ್ಲ. ಬೀಡಿ ಸೇದಿದವರ ಎದೆಗೂ, ಕಟ್ಟಿದವರ ಎದೆಗೂ ಒಳ್ಳೆಯದಲ್ಲ. ಅಮ್ಮನ ಕೆಮ್ಮು ನನಗೆ ಗೊತ್ತು. ತೊಂಬತ್ತರ ದಶಕ ಕಳೆಯುತ್ತ ಬೇಡಿಕೆ ಇಳಿಯಿತು, ಅಗ್ಗದ ಬೀಡಿಯ ಪೈಪೋಟಿ ನಿಲ್ಲಲಿಲ್ಲ, ಹೊಸಬರು ಆ ಕೆಲಸಕ್ಕೆ ಬರಲಿಲ್ಲ. 40 ಸಾವಿರ ಇದ್ದವರು ಕೆಲವೇ ಸಾವಿರಕ್ಕೆ ಇಳಿದರು. ಆದರೆ ಅವರು ಸುಮ್ಮನೆ ಬಾಗಿಲು ಹಾಕಲಿಲ್ಲ. ತೆಂಗಿನಹಾಲು, ಮಸಾಲೆ ಪುಡಿ, ಕೊಡೆ, ಬಟ್ಟೆ, ಕೊನೆಗೆ ಸಾಫ್ಟ್‌ವೇರು ತನಕ ಕೈಹಾಕಿದರು. ಬೀಡಿ ಕಟ್ಟುವವರ ಸಂಘ ಸಾಫ್ಟ್‌ವೇರ್ ಘಟಕ ತೆರೆದ ಉದಾಹರಣೆ ಯಾವ ಅಮೆರಿಕನ್ ಪುಸ್ತಕದಲ್ಲೂ ನಾನು ಓದಿಲ್ಲ. ಬೆಂಗಳೂರಿನ ಅಂಗಡಿಯೊಂದರಲ್ಲಿ ದಿನೇಶ್ ಹೆಸರಿನ ತೆಂಗಿನಹಾಲಿನ ಡಬ್ಬಿ ಕಂಡಾಗ ಬೇಕಿಲ್ಲದಿದ್ದರೂ ಎರಡು ತಂದಿದ್ದೆ.

ಆಫೀಸಿನ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಹತ್ತೊಂಬತ್ತು ಮಂದಿಯ ಜೊತೆಗೂ ಮಾತಾಡಿದೆ. ಎರಡು ಪುಟದ ಸೂಚನೆಯಂತೆಯೇ ಮಾತಾಡಿದೆ, ಬೇರೆ ಏನೋ ಮಾಡಿದೆ ಎಂದು ಹೇಳಿಕೊಳ್ಳಲು ಏನೂ ಇಲ್ಲ. ಒಬ್ಬಾಕೆ, ಎಂಟು ವರ್ಷದಿಂದ ಇದ್ದವಳು, “ಸರ್, ಅಲ್ಲಿ ನನ್ನ ಕೆಲಸ ಯಾರು ಮಾಡ್ತಾರೆ? ಅವರಿಗೆ ಎಷ್ಟು ಕೊಡ್ತೀರಿ?” ಎಂದು ಕೇಳಿದಳು. ಎರಡು ಪುಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನನಗೆ ಮೊತ್ತ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಅಲ್ಲಿ ಸೇರಲಿರುವವರ ಅರ್ಜಿಗಳೂ ನನ್ನ ಕಂಪ್ಯೂಟರಿನಲ್ಲೇ ಇದ್ದವು. ಹೆಚ್ಚಿನವರಿಗೆ ಅದು ಮೊದಲ ಕೆಲಸ. ಒಬ್ಬ ಹುಡುಗ ತಾಯಿಯ ಉದ್ಯೋಗ ಎಂಬಲ್ಲಿ ‘ಹೊಲಿಗೆ’ ಎಂದು ಬರೆದಿದ್ದ.

ಅದೇ ವಾರ ಊರಿಗೆ ಫೋನ್ ಮಾಡಿದೆ. ಅಮ್ಮ ಈಗ ಬೀಡಿ ಕಟ್ಟುವುದಿಲ್ಲ, ಕಣ್ಣು ಮಂಜಾಗಿದೆ. ಟಿವಿಯ ಸದ್ದು ಕಡಿಮೆ ಮಾಡಿ ಬಂದಳು.

“ಅಮ್ಮ, ನಮ್ಮ ಊರಿಗೆ ಬೀಡಿ ಬ್ರಾಂಚ್ ಬಂದದ್ದು ಯಾವಾಗ?”

“ಎಂತಕೆ ಈಗ ಅದು?”

“ಸುಮ್ಮನೆ. ಯಾವ ವರ್ಷ ಅಂತ ಗೊತ್ತುಂಟಾ?”

“ವರ್ಷ ಎಲ್ಲ ಯಾರಿಗೆ ಗೊತ್ತು ಮಾರಾಯ. ನಾನು ಶಾಲೆ ಬಿಟ್ಟದ್ದೇ ಬ್ರಾಂಚ್ ಬಂದ ಮೇಲೆ. ಅಜ್ಜಿ ಹೇಳಿದ್ರು, ಕೂತಲ್ಲೇ ದುಡ್ಡು ಬರ್ತದೆ, ಶಾಲೆ ಎಂತಕೆ ಅಂತ.” ಸ್ವಲ್ಪ ಹೊತ್ತು ಯೋಚಿಸಿದಳು. “ಎಪ್ಪತ್ನಾಲ್ಕರ ನೆರೆ ಬಂತಲ್ಲ, ನೇತ್ರಾವತಿ ತುಂಬಿ ಬಂಟ್ವಾಳ ಪೇಟೆಗೆ ನೀರು ಹೊಕ್ಕಿದ್ದು. ಆಗ ನಾವು ಬೀಡಿ ಕಟ್ಟುತ್ತಾ ಇದ್ದೆವು. ಎಲೆ ಒದ್ದೆಯಾಗದ ಹಾಗೆ ಅಟ್ಟಕ್ಕೆ ಹಾಕಿದ್ದು ನೆನಪುಂಟು. ಹಾಗಾದ್ರೆ ಅದಕ್ಕಿಂತ ಮೊದಲೇ.”